ಅಂಗಡಿ ಬಾಗಿಲಿನ ಜರ್ಮನ್ ಹಡಗು

ಸಾನ್ವಿ, ಪ್ರಣವ್,

ಮೊನ್ನೆ ನೀವಿಬ್ಬರೂ ಆಟದ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಿರಿ. ಸೀಮೆಸುಣ್ಣದ ಹಸಿ ವಾಸನೆ ಅಡುಗೆಮನೆಯವರೆಗೂ ಬಂತು. ನಾನು "ಒರೆಸಬೇಡಿ" ಎಂದು ಕೂಗಿಬಿಟ್ಟೆ. ನೀವು ನಕ್ಕಿರಿ. ಯಾಕೆ ಕೂಗಿದೆ ಎಂದು ಬಾಯಲ್ಲಿ ಹೇಳಲು ನನಗೆ ಆಗಲಿಲ್ಲ. ಮೊಮ್ಮಕ್ಕಳೆದುರಿಗೂ ಸಂಕೋಚಪಡುವವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಜುಫೈರಿನ ಈ ಮನೆಗೆ ಬರುವ ಎಷ್ಟೋ ವರ್ಷ ಮೊದಲು, ಮದುವೆಯಾದ ಹೊಸದರಲ್ಲಿ, ನಾವು ಇದೇ ಕೊಲ್ಲಿ ದೇಶದ ಇನ್ನೊಂದು ಬಡಾವಣೆ ಉಮ್ ಅಲ್ ಹಸ್ಸಮ್‌ನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಿಮ್ಮ ಅಜ್ಜ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಬೋಟಿನಲ್ಲಿ ಮೆಕ್ಯಾನಿಕ್. ಕೆಳಗೆ ಒಂದು ಕೋಲ್ಡ್ ಸ್ಟೋರ್ ಇತ್ತು. ದಿನಸಿ ಅಂಗಡಿಗೆ ಇಲ್ಲಿ ಆಗಲೂ ಹಾಗೇ ಹೇಳುತ್ತಿದ್ದರು. ಅಂಗಡಿಯವರು ಉಳ್ಳಾಲದ ಕಡೆಯ ಬ್ಯಾರಿ. ಎಲ್ಲರಿಗೂ ಅವರು ಕಾಕಾ...

ಅಂಗಡಿಯ ಒಳಬಾಗಿಲಿಗೆ ಕಾಕಾ ಕಪ್ಪು ಬಣ್ಣ ಬಳಿಸಿದ್ದರು. ನಮ್ಮ ಓಣಿಯಿಂದ ಯಾರು ಸಮುದ್ರಕ್ಕೆ ಹೋದರೂ ಅವರ ಹೆಸರು, ಬೋಟು, ಹೊರಟ ವಾರ ಅದರ ಮೇಲೆ ಬೀಳುತ್ತಿತ್ತು. ಹೋದವನು ತಾನೇ ಬಂದು ಒಂದು ಬೆಂಕಿಪೊಟ್ಟಣವನ್ನಾದರೂ ಕೊಂಡ ಮೇಲೆಯೇ ಒರೆಸುವುದು. ಕಾಕಾಗೆ ಕನ್ನಡ ಓದಲು ಬರುತ್ತಿತ್ತು, ಬರೆಯಲು ಕೈ ತಿರುಗುತ್ತಿರಲಿಲ್ಲ. ಊರ ಶಾಲೆಯಲ್ಲಿ ಕಲಿತ ನನ್ನ ಅಕ್ಷರ ದುಂಡಗಿದೆಯೆಂದು ನನ್ನ ಕೈಗೇ ಸೀಮೆಸುಣ್ಣ ಕೊಟ್ಟರು. ಎಲ್ಲಕ್ಕಿಂತ ಮೇಲೆ ಮಾತ್ರ ಬೇರೆ ಯಾರದೋ ಕೈಬರಹ: ಜರ್ಮನ್ ಹಡಗು, ಬಂದಿಲ್ಲ. ಅದೇನೆಂದು ಕೇಳಲು ನನಗೆ ಧೈರ್ಯವಿರಲಿಲ್ಲ.

ಆಗ ಅಕ್ಕಪಕ್ಕದ ದೇಶಗಳ ನಡುವೆ ಯುದ್ಧ ನಡೆಯುತ್ತಿತ್ತು. ಈ ಕೊಲ್ಲಿಯಲ್ಲೇ ಎಣ್ಣೆ ಹಡಗುಗಳು ಉರಿಯುತ್ತಿದ್ದವು. ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದ. ಒಂದು ಬೆಳಿಗ್ಗೆ ಪಕ್ಕದ ಮನೆಯವಳು, "ನಿಮ್ಮವರ ಟಗ್ ಬಂದರಿಗೆ ಬಂತಂತೆ" ಎಂದಳು. ನಾನು ಅಂಗಡಿಗೆ ಓಡಿದವಳೇ ನಿಮ್ಮ ಅಜ್ಜನ ಸಾಲನ್ನು ಸೆರಗಿನಿಂದ ಒರೆಸಿಬಿಟ್ಟೆ.

ಕಾಕಾ ತೂಗುತ್ತಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟರು.

"ಎಂಥ ಮಾಡಿದ್ದು ನೀನು, ಮಗಳೇ? ಬಂದನಾ ಅವ?"

"ಬಂದರಿಗೆ ಬಂದಿದ್ದಾರಂತೆ, ಕಾಕಾ."

"ಅಂತೆ! ಬರಿ, ಬರಿ, ಪುನಃ ಬರಿ."

ಬರೆದೆ. ಆಮೇಲೆ ಕಾಕಾ ನನ್ನನ್ನು ಅಕ್ಕಿ ಮೂಟೆಯ ಮೇಲೆ ಕೂರಿಸಿ, ಆ ಮೇಲಿನ ಸಾಲಿನ ಕಥೆ ಹೇಳಿದರು.

ಎರಡನೇ ಮಹಾಯುದ್ಧದಲ್ಲಿ ಅವರು ಇನ್ನೂ ಮೀಸೆ ಮೂಡದ ಹುಡುಗ. ಸರಕು ಹಡಗೊಂದರಲ್ಲಿ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. ಅರಬ್ಬೀ ಸಮುದ್ರದ ನಡುವೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಅದೇ ಹಡಗಿನಲ್ಲಿದ್ದ ಅವರ ಅಣ್ಣ ಕೆಳಗೆ, ಒಲೆಯ ಹತ್ತಿರವೇ ಉಳಿದ. ಇವರು ಸಣ್ಣ ದೋಣಿಯಲ್ಲಿ ಕೂತಿದ್ದಾಗ ಆ ಜಲಾಂತರ್ಗಾಮಿ ನೀರಿನಿಂದ ಮೇಲೆದ್ದು ಬಂತು. ಅದರ ಗೋಪುರದ ಮೇಲೆ ಕೆಂಪು ಹುಂಜದ ಚಿತ್ರ. ಗಡ್ಡದ ಹುಡುಗನೊಬ್ಬ ಹಗ್ಗದಲ್ಲಿ ಒಂದು ಡಬ್ಬ ನೀರು ಇಳಿಸಿ, ನೆಲ ಯಾವ ಕಡೆ ಎಂದು ಬೆರಳು ತೋರಿಸಿದ.

"ನೀರು ಕುಡಿದೆ ನಾನು. ಕುಡಿದ ಬಾಯಲ್ಲೇ ಶಾಪ ಹಾಕಿದೆ. ನೀವೂ ಮುಳುಗಿ, ಎಲ್ಲಿ ಅಂತ ನಿಮ್ಮ ತಾಯಂದಿರಿಗೂ ಗೊತ್ತಾಗದೆ ಹೋಗ್ಲಿ ಅಂತ. ಬ್ಯಾರಿ ಭಾಷೆಯಲ್ಲಿ ಹೇಳಿದ್ದು, ಅವನಿಗೆಂಥ ಗೊತ್ತು? ಕೈ ಎತ್ತಿ ಸಲಾಂ ಮಾಡಿದ, ಪಾಪ."

ಬಹಳ ವರ್ಷಗಳ ಮೇಲೆ ಸಿಗರೇಟಿಗೆಂದು ಅಂಗಡಿಗೆ ಬರುತ್ತಿದ್ದ ಜರ್ಮನ್ ಇಂಜಿನಿಯರನ್ನು ಕಾಕಾ ಆ ಹುಂಜದ ಬಗ್ಗೆ ಕೇಳಿದರಂತೆ. ಅವನು ರಜೆಗೆ ಹೋದಾಗ ಊರಲ್ಲಿ ವಿಚಾರಿಸಿ ಬಂದ. ಹುಂಜದ ಆ ಜಲಾಂತರ್ಗಾಮಿ ಪೆನಾಂಗ್ ಬಂದರಿನಿಂದ ತನ್ನ ದೇಶಕ್ಕೆ ಹೊರಟಿತ್ತು. ದಾರಿಯಿಂದ ಒಂದು ನಿಸ್ತಂತು ಸುದ್ದಿ ಬಂತು, ಆಮೇಲೆ ಇಲ್ಲ. ಯಾವ ಸಮುದ್ರದಲ್ಲಿ, ಯಾವ ದಿನ, ಯಾರಿಗೂ ತಿಳಿಯಲಿಲ್ಲ. ಒಬ್ಬನೂ ಮನೆಗೆ ಬರಲಿಲ್ಲ.

"ಶಾಪ ಹಾಕಿ ಬಾಯಲ್ಲೇ ಅವರನ್ನು ಒರೆಸಿದ್ದು ನಾನು," ಎಂದರು ಕಾಕಾ. "ಅಣ್ಣನನ್ನು ಕೊಂದವರೇ. ಆದ್ರೂ ಅವರ ಸಾಲು ಬರೆಸಿ ಇಟ್ಟೆ."

ಬಂದರಿಗೆ ಬಂದದ್ದು ಬೇರೆ ಟಗ್. ಮೂರು ದಿನ ನಾನು ನೀರೂ ಸರಿಯಾಗಿ ಕುಡಿಯಲಿಲ್ಲ. ಅಂಗಡಿಗೆ ಇಳಿದು ಆ ಸಾಲು ನೋಡುವುದು, ಹತ್ತುವುದು, ಮತ್ತೆ ಇಳಿಯುವುದು. ಮೇಲಿನ ಸಾಲನ್ನು ನೋಡಲು ಹೆದರಿಕೆ, ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ನಿಮ್ಮ ಅಜ್ಜ ಮೈತುಂಬ ಗ್ರೀಸ್ ಬಳಿದುಕೊಂಡು, ಓಣಿಯಲ್ಲೇ ಸುದ್ದಿ ಕೇಳಿಕೊಂಡು ಅಂಗಡಿಯೊಳಗೆ ಬಂದರು.

"ಎಂಥ ಕಾಕಾ, ನನ್ನ ಹೆಂಡತಿ ನನ್ನನ್ನು ಒರೆಸಿಯೇ ಬಿಟ್ಟಳಂತಲ್ಲ?"

"ಬಾಯಿ ಮುಚ್ಚಿ ಬೆಂಕಿಪೊಟ್ಟಣ ತೆಗೊಳ್ಳೋ, ಮಾರಾಯ," ಎಂದ ಕಾಕಾ ಅತ್ತ ತಿರುಗಿ ಕಣ್ಣೊರೆಸಿಕೊಂಡರು.

ನಿಮ್ಮ ಅಪ್ಪನಿಗೆ ಎರಡು ವರ್ಷವಾದಾಗ ಕಾಕಾ ರಜೆಗೆ ಊರಿಗೆ ಹೊರಟರು. "ನಂದೂ ಬರಿ ಮಗಳೇ, ವಿಮಾನವಾದ್ರೆ ಏನು," ಎಂದು ನಕ್ಕರು. ಬರೆದೆ. ಅವರು ಮರಳಲಿಲ್ಲ. ತೀರಿಹೋದರೆಂದು ಕೆಲವರು, ಮಗಳ ಮನೆಯಲ್ಲಿದ್ದಾರೆಂದು ಕೆಲವರು. ಅಂಗಡಿ ಕೈ ಬದಲಾಯಿತು. ಹೊಸಬರು ಬಾಗಿಲಿಗೆ ಹಸಿರು ಬಣ್ಣ ಬಳಿದರು. ಬೇಡ ಎಂದು ಹೇಳಲು ಹೋದವಳು, ನಾಚಿಕೆಯಿಂದ ಸಕ್ಕರೆ ಕೊಂಡು ಹಿಂದೆ ಬಂದೆ.

ಈಗ ನಿಮ್ಮ ಅಪ್ಪನೂ ಸಮುದ್ರದಲ್ಲಿದ್ದಾನೆ. ಟಿವಿಯಲ್ಲಿ ಮತ್ತೆ ಹಡಗುಗಳ ಸುದ್ದಿ. ಅಡುಗೆಮನೆಯ ಬಾಗಿಲ ಹಿಂದೆ ನಾನು ಸೀಮೆಸುಣ್ಣದಲ್ಲಿ ಬರೆದಿರುವುದು ಅವನ ಹೆಸರು. ಫೋನ್ ಬಂದರೂ, ಬಂದರಿಗೆ ಮುಟ್ಟಿದರೂ ಅದನ್ನು ಮುಟ್ಟಬೇಡಿ. ಅವನು ಚಪ್ಪಲಿ ಬಿಟ್ಟು ಒಳಗೆ ಬರಲಿ.

ಕಾಕಾನ ಸಾಲೂ, ಆ ಜರ್ಮನ್ ಹುಡುಗರ ಸಾಲೂ ಈಗ ಬೇರೆಲ್ಲೂ ಇಲ್ಲ, ಈ ಹಾಳೆಗಳಲ್ಲಿ ಮಾತ್ರ. ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.