ಇಂಪ್ರೂಮೆಂಟ್ ಐತಿ

ನಿನ್ನೆ ಸಂಜೆ ಎದುರು ಮನೆಯವರು ಅವ್ವನನ್ನು ನೋಡಲು ಬಂದರು, ಒಂದು ಚೀಲ ಮೋಸಂಬಿ ಹಿಡಿದುಕೊಂಡು. ನಮ್ಮ ಗಂಗಾವತಿಯಲ್ಲಿ ಯಾರೇ ಹಾಸಿಗೆ ಹಿಡಿದರೂ ಮನೆಗೆ ಮೊದಲು ಬರುವುದು ಡಾಕ್ಟರಲ್ಲ, ಮೋಸಂಬಿ. ಒಂದು ಹಣ್ಣನ್ನು ತಾವೇ ಸುಲಿದು ಅವ್ವನ ಕೈಗೆ ಕೊಟ್ಟರು, ಚಹಾ ಕುಡಿದರು, ಏಳುವಾಗ "ಡೋಂಟ್ ವರಿ, ಇಂಪ್ರೂವ್‌ಮೆಂಟ್ ಆಗತೈತಿ ಬಿಡ್ರಿ" ಎಂದರು. ಪಾಪ, ಒಳ್ಳೆಯ ಜನ. ಆದರೆ ಆ ಸಿಪ್ಪೆಯ ವಾಸನೆಯನ್ನೂ ಆ ಮಾತನ್ನೂ ತಾಳಲಾರದೆ ನಾನು ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ಬಂದವರ ಮುಂದೆ ಹಾಗೇಕೆ ಮುಖ ಮಾಡಿದಿರಿ ಎಂದು ಹೆಂಡತಿ ಆಮೇಲೆ ಬೈದಳು.

ನೀವೇ ಹೇಳಿ, ನಮ್ಮ ಕಡೆ ಈಗ ಯಾರಾದರೂ ಕನ್ನಡದಲ್ಲಿ ಆಸೆ ಇಟ್ಟುಕೊಳ್ಳುತ್ತಾರೆಯೇ? ಇಲ್ಲ, ಹೋಪ್ ಇಟ್ಟುಕೊಳ್ಳುತ್ತಾರೆ. ಕುಷ್ಟಗಿಯಲ್ಲಿ ವರ ಕೂಡಿಬರದ ಹುಡುಗಿಗೆ "ಬಿ ಪಾಸಿಟಿವ್" ಅನ್ನುತ್ತಾರೆ. ಯಲಬುರ್ಗಾದಲ್ಲಿ ಮತ್ತೆ ಫೇಲಾದವನಿಗೆ "ಬೆಟರ್ ಲಕ್ ನೆಕ್ಸ್ಟ್ ಟೈಮ್". ಅರಿವೆ ಅಂಗಡಿ ಇಟ್ಟುಕೊಂಡಿರುವ ನಾನೇನು ಕಡಿಮೆಯವನಲ್ಲ. ವ್ಯಾಪಾರ ಹೆಂಗೈತ್ರಿ ಎಂದು ಯಾರಾದರೂ ಕೇಳಿದರೆ "ಸ್ಲೋಲಿ ಪಿಕಪ್ ಆಗಾಕತ್ತೈತ್ರಿ" ಎನ್ನುತ್ತೇನೆ. ಅಂಗಡಿ ತೆರೆದ ದಿನದಿಂದಲೂ ಅದು ಪಿಕಪ್ ಆಗುತ್ತಲೇ ಇದೆ. "ಛಲೋ ಆಗತೈತಿ" ಅನ್ನಬೇಕಾದರೆ ಮಾತ್ರ ಎಲ್ಲಿ ಸುಳ್ಳಾದೀತೋ ಎಂದು ನಾಲಿಗೆ ತಡವರಿಸುತ್ತದೆ. ಇಂಗ್ಲಿಷಿನಲ್ಲಿ ಅಂದದ್ದಕ್ಕೆ ನಾವು ಜವಾಬ್ದಾರರಲ್ಲ ನೋಡಿ.

ನಮ್ಮ ಮನೆಯಲ್ಲಿ ಇದಕ್ಕೆ ಬೇರೊಂದು ಕಾರಣವೂ ಇತ್ತು. ಅವ್ವನಿಗೆ ದೃಷ್ಟಿಯ ಭಯ ವಿಪರೀತ. ಕೂಸು ಮೈ ತುಂಬಿಕೊಂಡಿದೆ ಅನ್ನುವಂತಿಲ್ಲ, ಎಮ್ಮೆ ಹೆಚ್ಚು ಹಾಲು ಕೊಟ್ಟಿತು ಅನ್ನುವಂತಿಲ್ಲ. ಬೇನೆ ಕಡಿಮೆಯಾಯಿತು ಎಂದಂತೂ ಅನ್ನಲೇಬಾರದು, ಅಂದ ಸಂಜೆಯೇ ಅದು ತಿರುಗಿ ಬರುತ್ತದೆ ಎನ್ನುವುದು ಅವಳ ನಂಬಿಕೆ. ಯಾರಾದರೂ ಬಾಯಿ ಜಾರಿ ಅಂದರೋ, ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿ ಮನೆಮಂದಿಯನ್ನೆಲ್ಲ ಕೆಮ್ಮಿಸುತ್ತಿದ್ದಳು. ಒಮ್ಮೆ ನನ್ನ ಮಗನಿಗೆ ಕಾಮಾಲೆಯಾದಾಗ ಕಾಂಪೌಂಡರ್ ಅವಳ ಎದುರೇ "ಇಂಪ್ರೂವ್‌ಮೆಂಟ್ ಐತ್ರಿ" ಎಂದುಬಿಟ್ಟ. ಅರ್ಥ ಹೇಳಿದಾಗ ಅವ್ವ ಗಾಬರಿಯಾದಳು. ಆದರೆ ಹುಡುಗ ಗುಣವಾದ, ಕಾಯಿಲೆ ತಿರುಗಿ ಬರಲಿಲ್ಲ. ಅಂದಿನಿಂದ ಅವ್ವ ಆ ಶಬ್ದವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಇಂಗ್ಲಿಷಿನಲ್ಲಿ ಅಂದರೆ ಕೆಟ್ಟ ಕಣ್ಣಿಗೆ ತಿಳಿಯುವುದಿಲ್ಲವಂತೆ. ನಾವು ಬಿದ್ದು ಬಿದ್ದು ನಕ್ಕೆವು. ನಗುತ್ತ ನಗುತ್ತ ನಾವೂ ಅದನ್ನೇ ರೂಢಿ ಮಾಡಿಕೊಂಡೆವು.

ಆಮೇಲೆ ಶಾಂತಕ್ಕ ಬಂದಳು. ನನ್ನ ಅಕ್ಕ, ಅವಳನ್ನು ತಳಕಲ್ಲು ಎಂಬ ಹಳ್ಳಿಗೆ ಕೊಟ್ಟಿದ್ದೆವು. ಹೊಟ್ಟೆನೋವು ತೋರಿಸಿಕೊಂಡು ಹೋಗುತ್ತೇನೆಂದು ಬಂದವಳು ನಮ್ಮಲ್ಲೇ ಉಳಿಯಬೇಕಾಯಿತು. ಕೊಪ್ಪಳದ ಡಾಕ್ಟರು ಅವಳ ಎದುರಿಗೆ ರೆಸ್ಪಾನ್ಸ್ ಛಲೋ ಇದೆ ಎಂದರು. ನನ್ನನ್ನು ಹೊರಗೆ ಕರೆದು, ಕ್ಯಾನ್ಸರ್ ಎಲ್ಲ ಕಡೆ ಹಬ್ಬಿದೆ, ಉಳಿಯುವುದಿಲ್ಲ ಎಂದರು. ಮನೆಗೆ ಬಂದು ಅವ್ವನಿಗೆ ತಿಳಿಸಿದೆ. ಅವಳು ಅಳಲಿಲ್ಲ. ಈ ಮಾತನ್ನು ಈ ಮನೆಯಲ್ಲಿ ಇನ್ನು ಯಾರೂ ಆಡಕೂಡದು, ಆಡಿದರೆ ನಿಜವಾಗುತ್ತದೆ ಎಂದಳು. ನಾನು, ನನ್ನ ಹೆಂಡತಿ, ಭಾವ ಎಲ್ಲರೂ ಹೂಂಗುಟ್ಟಿದೆವು.

ಶಾಂತಕ್ಕ ಭಾಳ ಜಗಳಗಂಟಿ. ಅಡಿಗೆ ಮಾಡಿದಷ್ಟೇ ಪ್ರೀತಿಯಿಂದ ಜಗಳವನ್ನೂ ಮಾಡುವವಳು. ತಳಕಲ್ಲಿನಲ್ಲಿ ಪಕ್ಕದ ಮನೆಯ ಖೈರೂನ್‌ಬಿ ಅವಳ ಜೀವದ ಗೆಳತಿ. ಒಂದೇ ಕೌದಿಯ ಎರಡು ತುದಿಗೆ ಕೂತು ಹೊಲಿಯುತ್ತ ಊರ ಸುದ್ದಿಯನ್ನೆಲ್ಲ ಜಾಲಾಡಿದವರು ಅವರಿಬ್ಬರು. ಬಚ್ಚಲ ನೀರು ಯಾರ ಬಾಗಿಲಿಗೆ ಹರಿಯಿತು ಎನ್ನುವುದಕ್ಕೆ ಜಗಳ ಹತ್ತಿ, ಇನ್ನು ನಿನ್ನ ಹೊಸ್ತಿಲು ತುಳಿದರೆ ಕೇಳು ಎಂದು ಅಕ್ಕನೇ ಅಂದು ಮಾತು ಬಿಟ್ಟು ಬಂದಿದ್ದಳು. ಹಾಸಿಗೆ ಹಿಡಿದ ಮೇಲೆ ಅದೊಂದೇ ಅವಳನ್ನು ತಿನ್ನತೊಡಗಿತು. ಫೋನ್ ಹಚ್ಚಿಕೊಡುತ್ತೇನೆಂದರೆ ಬೇಡ, ಅವಳನ್ನೇ ಕರೆಸುತ್ತೇನೆಂದರೆ ಅದೂ ಬೇಡ.

"ಬ್ಯಾನಿ ನೋಡಾಕ ಆಕಿ ಬಂದ್ರ ಅದು ಕನಿಕರ ಆತು, ರಾಜಿ ಎಲ್ಲ್ಯಾತು?" ಎಂದಳು. "ಹೊಸ್ತಿಲ ತುಳಿಯೂದಿಲ್ಲ ಅಂದಾಕಿ ನಾನು. ನಾನ ಹೋಗಿ ತುಳೀಬೇಕು."

ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದವನ ಕೈ ಹಿಡಿದುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಗುಣವಾಗುವ ಹಾಗಿದ್ದರೆ ಕಾಯುತ್ತಾಳೆ, ತನ್ನ ಕಾಲ ಮೇಲೆ ತಾನು ನಡೆದು ಖೈರೂನ್‌ಬಿಯ ಮನೆಗೆ ಹೋಗುತ್ತಾಳೆ. ಇಲ್ಲವಾದರೆ ನಾಳೆಯೇ ಕಾರು ಮಾಡಿ, ಎತ್ತಿಕೊಂಡಾದರೂ ಸರಿ, ತನ್ನನ್ನು ಅಲ್ಲಿಗೆ ಒಯ್ಯಬೇಕು.

"ಇಂಗ್ಲಿಷ್ ಬ್ಯಾಡ ತಮ್ಮಾ. ನನಗ ತಿಳಿಯೂ ಹಂಗ ಹೇಳು. ಕಾಯಲೋ, ಹೋಗಲೋ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಅವ್ವ, "ಇಂಪ್ರೂಮೆಂಟ್ ಐತಿ. ಇನ್ನೊಂದೀಟು ತಡಿ" ಎಂದಳು.

ಅಕ್ಕ ಅವ್ವನ ಮುಖವನ್ನೇ ನೋಡಿದಳು. ನಿಜವಾಗಿ ನಂಬಿದಳೋ, ನಂಬಬೇಕೆಂದು ಅವಳಿಗೂ ಅನಿಸಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗಂಜಿ ಪೂರಾ ಕುಡಿದಳು. ಮರುದಿನದಿಂದ ಗೋಡೆ ಹಿಡಿದು ನಡೆಯುವುದನ್ನು ರೂಢಿಸತೊಡಗಿದಳು. ಪಡಸಾಲೆಯ ಕಂಬದವರೆಗೆ ಹೋಗಿ ಬಂದು, ಬೆವೆತು ಕೂತು, ಇಂಪ್ರೂಮೆಂಟ್ ಐತಲ್ಲ ಎಂದು ನಮ್ಮನ್ನೇ ಕೇಳುತ್ತಿದ್ದಳು. ಐತಿ ಐತಿ ಎನ್ನುತ್ತಿದ್ದೆವು. ದಿನ ಕಳೆದಂತೆ ಕಂಬ ಅವಳಿಗೆ ದೂರವಾಯಿತು, ಆಮೇಲೆ ಬಾಗಿಲು ದೂರವಾಯಿತು. ಕೊನೆಕೊನೆಗೆ ಮಂಚದಿಂದ ಕಾಲು ಇಳಿಬಿಟ್ಟು ಕೂರುವುದೇ ದೊಡ್ಡ ಕೆಲಸವಾಯಿತು. ಅದಕ್ಕೂ ನಾವು ಇಂಪ್ರೂವ್‌ಮೆಂಟ್ ಅಂದೆವು. ಎಂಥ ಮಂದಿ ನಾವು!

ಅವಳನ್ನು ತಳಕಲ್ಲಿಗೆ ಒಯ್ದದ್ದು ಹೆಣ ಮಾಡಿಕೊಂಡು. ಖೈರೂನ್‌ಬಿ ಬಂದು ತಲೆಯ ಹತ್ತಿರ ಕೂತಳು. ಸುತ್ತಲಿನ ಹೆಂಗಸರೆಲ್ಲ ಅಳುತ್ತಿದ್ದರೆ ಅವಳೊಬ್ಬಳೇ ಅಳದೆ ಅಕ್ಕನ ಕೂದಲು ಸರಿಪಡಿಸುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅವ್ವನ ಕಡೆ ತಿರುಗಿದಳು.

"ಬಂದು ಹೋಗೋರನ್ನೆಲ್ಲ ಕೇಳ್ತಿದ್ದೆ ಅವ್ವಾ. ಇಂಪ್ರೂಮೆಂಟ್ ಐತಿ ಅಂದ್ರು. ಹಂಗಾದ್ರ ತಾನ ಬರ್ತಾಳ, ಸೊಕ್ಕಿನಾಕಿ, ಬರ್ಲಿ ಅಂತ ಸುಮ್ಮನ ಕುಂತೆ. ಒಂದ ಮಾತು ಖರೇ ಹೇಳಿದ್ರ ನಾನ ಓಡಿ ಬರ್ತಿದ್ನಿ."

ಮಣ್ಣು ಮುಗಿಸಿ ಗಂಗಾವತಿಗೆ ಮರಳುವಾಗ ದಾರಿಯಲ್ಲಿ ಅವ್ವ ತನಗೆ ತಾನೇ ಎಂಬಂತೆ ಅಂದಳು, ಕೆಟ್ಟ ಕಣ್ಣಿಗೆ ತಿಳಿಯಬಾರದೆಂದು ಇಂಗ್ಲಿಷಿನಲ್ಲಿ ಅಂದೆವು, ದೇವರಿಗೂ ತಿಳಿಯಲಿಲ್ಲ ಏನೋ ಎಂದು. ಆಮೇಲೆ ಅವಳು ಆ ಶಬ್ದವನ್ನು ಆಡಿದ್ದು ನಾನು ಕೇಳಿಲ್ಲ. ಊರವರು ಬಿಡಬೇಕಲ್ಲ, ಅವರು ಆಡುತ್ತಲೇ ಇದ್ದಾರೆ.

ಈಗ ಅವ್ವನ ಸರದಿ. ಹೋದ ವಾರ ರಿಪೋರ್ಟ್ ಬಂದಿದೆ, ನಾವು ಯಾರೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಎದುರು ಮನೆಯವರು ಹೋದ ಮೇಲೆ ಅವ್ವ ನನ್ನನ್ನು ಹಿತ್ತಲಿನಿಂದ ಕರೆಸಿ ಮಂಚದ ಮೇಲೆ ಕೂರಿಸಿಕೊಂಡು, ಡಾಕ್ಟರು ಏನಂದರು ಎಂದು ಕೇಳಿದಳು. ರಿಕವರ್ ಆಗ್ತೀರಿ ಅತ್ತಿ ಎಂದು ನನ್ನ ಹೆಂಡತಿ ಶುರು ಮಾಡಿದಳು. ಅವ್ವ ಕೈ ಎತ್ತಿ ಅವಳನ್ನು ತಡೆದಳು.

"ಇನ್ನ ಆರಾಮ ಆಗೂದಿಲ್ಲವ್ವಾ" ಎಂದೆ. ಇಷ್ಟೇ ಮಾತು. ಅವ್ವನ ಮುಖ ನೋಡಲಾಗದೆ ನೆಲ ನೋಡುತ್ತ ಕೂತೆ.

ಅವ್ವ ನನ್ನ ಬೆನ್ನ ಮೇಲೆ ಕೈ ಇಟ್ಟು, "ಖರೇ ಮಾತೂ ಕೇಳಾಕ ಬರತೈತಿ ಬಿಡೋ" ಎಂದಳು. "ಹೇಳಿದ್ರ ಶಾಂತವ್ವನೂ ತಡಕೊಂತಿದ್ಲು."