ರಾಯವ್ವನ ಗುಂಡಿ

ಮುನವಳ್ಳಿ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಕೆಳಗೆ ಮಲಗಿ ಸ್ಪ್ರಿಂಗಿನ ಪಾಟಾ ಬಿಚ್ಚುತ್ತಿದ್ದಾಗ ಜಾಕ್ ಜಾರಿ ರಾಯವ್ವನ ಗಂಡ ಬಸವಣ್ಣೆಪ್ಪ ಸತ್ತ. ಅದು ತೊಂಬತ್ನಾಲ್ಕರ ಮಾತು. ಬೈಲಹೊಂಗಲದ ಮಾರ್ಕೆಟ್ ಹಿಂದೆ ಅವನು ಕಟ್ಟಿಸಿದ್ದ ಸರ್ವಿಸಿಂಗ್ ಗುಂಡಿ ಉಳಿಯಿತು. ಗಾಡಿಗಳನ್ನು ಅದರ ಮೇಲೆ ನಿಲ್ಲಿಸಿ, ಕೆಳಗಿಳಿದು ಮೆತ್ತಿದ ಎರೆಮಣ್ಣು ಕೆರೆದು, ಗ್ರೀಸ್ ತುಂಬಿ, ತುಕ್ಕು ಹಿಡಿಯದಂತೆ ಸುಟ್ಟ ಆಯಿಲ್ ಬಳಿಯುವ ಕೆಲಸ. ಗಂಡನ ಜೊತೆ ಮಾಡಿ ರೂಢಿಯಿದ್ದ ರಾಯವ್ವ, ಕರ್ಮಗಳು ಮುಗಿದ ಮೇಲೆ ಸೀರೆಯ ಮೇಲೆ ಅವನ ಅಂಗಿ ತೊಟ್ಟು ಗುಂಡಿಗಿಳಿದಳು.

ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಮೈದುನ ಸುಭಾಸನಿಗೆ ಮೈ ಉರಿಯಿತು.

“ಮಂದಿ ಗಾಡಿ ಬುಡಕ ಕುಂತು ಮನಿ ಮರ್ಯಾದಿ ಕಳ್ಯಾಕ ಹತ್ತೀರಿ, ವೈನಿ. ನಮ್ಮ ಅಣ್ಣನ್ನ ನುಂಗಿದ್ದು ಸಾಲಲಿಲ್ಲೇನ್ರಿ?”

“ನಿಮ್ಮಣ್ಣ ಮಾಡಿದ ಕೆಲಸಾನ ಮಾಡಾಕ ಹತ್ತೇನಿ. ನಾಚಿಕಿ ಬಂದ್ರ ಆ ಕಡೆ ಮುಖಾ ತಿರುವಿ ಹೋಗು.”

ಅಂದಿನಿಂದ ಹಗೆ. ಗ್ರೀಸ್ ಗನ್ ಕಾಣೆಯಾಯಿತು. ನೀರಿನ ಪೈಪನ್ನು ಯಾರೋ ಕೊಯ್ದು ಹಾಕಿದರು. ಹೆಂಗಸು ಮುಟ್ಟಿದ ಗಾಡಿ ಪಲ್ಟಿ ಹೊಡೆಯುತ್ತದೆಂದು ಸುಭಾಸ ಡ್ರೈವರುಗಳ ಕಿವಿ ಊದಿದ. ನಂಬಿದವರು ಬರುವುದನ್ನು ಬಿಟ್ಟರು.

ಕಬ್ಬಿನ ಹಂಗಾಮು ಶುರುವಾದ ದಿನ ಅವನು ತನ್ನ ಹಳೆಯ ಟೆಂಪೋ ತಂದು ಗುಂಡಿಯ ಮೇಲೆ ನಿಲ್ಲಿಸಿ, ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲಿಗೆ ಕೀಲಿ ಹಾಕಿ ಸವದತ್ತಿಗೆ ಹೊರಟುಹೋದ. ಕೆಲಸಕ್ಕೆ ಬಂದ ಟ್ರ್ಯಾಕ್ಟರುಗಳು ರಸ್ತೆಯಲ್ಲೇ ನಿಂತವು.

ರಾಯವ್ವ ಯಾರನ್ನೂ ಕೇಳಲಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿದು ಟೆಂಪೋದ ಬುಡಕ್ಕಿಳಿದಳು. ಗೇರಿನಿಂದ ಹಿಂದಿನ ಗಾಲಿಗೆ ಹೋಗುವ ಶಾಫ್ಟ್ ಬಿಚ್ಚಿದಳು, ಬ್ರೇಕಿನ ಕೇಬಲ್ ಕಳಚಿದಳು. ಬಿಗಿ ಬಿಟ್ಟು ಗಾಲಿ ತಿರುಗುವಂತಾದವು. ಮಾರ್ಕೆಟ್ಟಿನ ಹಮಾಲರು ಬಂದು ನೂಕಿದರು. ಟೆಂಪೋ ಹೋಗಿ ಜಾಲಿಕಂಟಿಗೆ ಆತು ನಿಂತಿತು.

ಸಂಜೆ ಬಂದ ಸುಭಾಸ ನೆಲದ ಮೇಲೆ ಬಿದ್ದ ಶಾಫ್ಟ್ ನೋಡಿ ಕೈ ಎತ್ತಿಕೊಂಡೇ ನುಗ್ಗಿದ. “ನನ್ನ ಗಾಡಿಗೆ ಕೈ ಹಚ್ಚಿದೇನ?”

ರಾಯವ್ವ ಪಾನಾ ಕೆಳಗಿಡಲಿಲ್ಲ. “ನನ್ನ ಗುಂಡಿ ಮ್ಯಾಲೆ ನಿಂತಿತ್ತು, ಹಚ್ಚೇನಿ. ಇನ್ನೊಮ್ಮೆ ನಿಲ್ಲಿಸಿ ನೋಡು, ಎಂಜಿನ್ನೂ ಇಳಸತೇನಿ.”

ಹಮಾಲರು ನಕ್ಕರು. ಎತ್ತಿದ ಕೈ ಇಳಿಯಿತು. ಜಾಲಿಮುಳ್ಳಿನ ಮೇಲೆ ಅಂಗಾತ ಮಲಗಿ ಶಾಫ್ಟ್ ಕೂಡಿಸಲು ಅವನು ಹೆಣಗಿದ, ಆಗಲಿಲ್ಲ. ಅವಳು ನೋಡುತ್ತ ನಿಂತಳೇ ಹೊರತು ಪಾನಾ ಕೊಡಲಿಲ್ಲ. ಕೊನೆಗೆ ಟೆಂಪೋವನ್ನು ಎಳೆಸಿಕೊಂಡು ಹೋದ.

ಮತ್ತೆ ಗುಂಡಿಯ ತಂಟೆಗೆ ಬರಲಿಲ್ಲ; ಮಾತೂ ಆಡಲಿಲ್ಲ. ಮಗಳ ಮದುವೆಗೆ ಊರನ್ನೆಲ್ಲ ಕರೆದು ಇವಳನ್ನು ಬಿಟ್ಟ. ವರ್ಷಗಳ ಮೇಲೆ ಅವನು ಲಕ್ವಾ ಹೊಡೆದು ಮಲಗಿದಾಗ ಓಣಿಯ ಬಾಯವ್ವ, “ಒಮ್ಮೆ ಮಾತಾಡಿಸಿ ಬಾರವ್ವ” ಅಂದಳು.

“ನಾ ಹೋದ್ರ ಅಂವಗ ಸಿಟ್ಟು ಬರತೈತಿ. ಸಿಟ್ಟಿಗೆ ಎದ್ದು ಕುಂತಗಿಂತಾನು. ಬ್ಯಾಡ.”

ಹಾಗೆಂದು ರಾಯವ್ವ ಗುಂಡಿಗಿಳಿದು ಟ್ರೇಲರಿನ ಮಣ್ಣು ಕೆರೆಯತೊಡಗಿದಳು.