ತಂಗಿಯ ಬೂಟು ಹಾಕಿಕೊಂಡ ಏಳು ಬೆಳಗು

ಬೆಳಗಿನ ಐದೂವರೆಗೆ ನಮ್ಮ ಓಣಿಯಲ್ಲಿ ಬೂಟಿನ ಸಪ್ಪಳ ಸುರುವಾಗುತ್ತದೆ. ನಾನು ಆಗ ಒಲೆಯ ಮುಂದಿರುತ್ತೇನೆ. ಹೊರಗೆ ನಾಲ್ಕೈದು ಹೆಣ್ಣುಮಕ್ಕಳು ಕೈ ಬೀಸುತ್ತ, ಮಾತಾಡುತ್ತ ಸಂತೆ ಬಯಲಿನ ಕಡೆ ಹೋಗುತ್ತಾರೆ. ಅವರಲ್ಲಿ ಒಬ್ಬಾಕೆಯ ಬೂಟು ಹೊಸದಿರಬೇಕು, ಕಿರ್ ಕಿರ್ ಎನ್ನುತ್ತದೆ. ಅದು ಕಿವಿಗೆ ಬಿದ್ದ ದಿನ ನನ್ನ ಕೈಯೊಳಗಿನ ರೊಟ್ಟಿಯ ಅಂಚು ಹರಿಯುತ್ತದೆ. ಹಿಟ್ಟನ್ನು ಬೈಯುವಂತಿಲ್ಲ. ಇಪ್ಪತ್ತು ವರ್ಷ ರೊಟ್ಟಿ ಬಡಿದವಳಿಗೆ ಹಿಟ್ಟಿನ ತಪ್ಪು ಯಾವುದು, ಕೈಯ ತಪ್ಪು ಯಾವುದು ಎಂದು ಗೊತ್ತಾಗುತ್ತದೆ.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವಳು. ಬರೆಯುವುದು ನನಗೆ ರೊಟ್ಟಿ ಬಡಿದಷ್ಟು ಸಲೀಸಲ್ಲ. ಎರಡು ಸಾಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ನನ್ನ ತಂಗಿ ಸುಜಾತಾ ಓದಿದಳು, ನರ್ಸ್ ಆದಳು. ನಾನು ಬಿಟ್ಟದ್ದಕ್ಕೇ ಅವಳು ಓದಿದಳೆಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಖರೇ ಏನೆಂದರೆ, ಲೆಕ್ಕದ ಮಾಸ್ತರರ ಕೋಲಿಗೆ ಹೆದರಿ ಬಿಟ್ಟಿದ್ದೆ. ಹೇಳಿ ಹೇಳಿ ಆ ಮಾತನ್ನು ನಾನೂ ನಂಬಿದ್ದೆ.

ಲಾಕ್‌ಡೌನ್ ಬಂದಾಗ ನಾನು ರೊಟ್ಟಿ ಕೊಡುತ್ತಿದ್ದ ಖಾನಾವಳಿಗಳೆಲ್ಲ ಬಾಗಿಲು ಹಾಕಿದವು. ನಸುಕಿನ ನಾಲ್ಕಕ್ಕೆ ಏಳುವ ಚಟ ಮಾತ್ರ ಬಾಗಿಲು ಹಾಕಲಿಲ್ಲ. ಎದ್ದು ಮಾಡುವುದೇನು? ಮನೆಯಲ್ಲಿ ಅಕ್ಕ-ತಂಗಿ ನಾವಿಬ್ಬರೇ. ಒಗೆದದ್ದನ್ನೇ ಒಗೆದೆ, ತಿಕ್ಕಿದ ರೊಟ್ಟಿ ಹಂಚನ್ನೇ ತಿಕ್ಕಿದೆ. ಕಸದ ಗಾಡಿಯ ಮೈಕು ಬಂದು, ಮನೆಯಲ್ಲೇ ಇರಿ, ಕೈ ತೊಳೆಯಿರಿ ಎಂದು ಕೂಗಿದಾಗ ಹೊರಗೆ ಹೋಗಿ ಉತ್ತರ ಕೊಟ್ಟುಬರಬೇಕು ಅನ್ನಿಸುತ್ತಿತ್ತು. ಇನ್ನೆಷ್ಟು ತೊಳೆಯಲಿ ಮಾರಾಯಾ?

ಅಷ್ಟರಲ್ಲಿ ಸುಜಾತಾಳ ಜೊತೆ ಪಾಳಿ ಮಾಡುತ್ತಿದ್ದ ಒಬ್ಬಾಕೆಗೆ ಕೊರೋನಾ ಬಂತು. ಇವಳಿಗೆ ಹದಿನಾಲ್ಕು ದಿನ ಮನೆಯಲ್ಲೇ ಬೇರೆ ಇರಬೇಕೆಂದು ಹೇಳಿ ಕಳಿಸಿದರು. ಬಂದವಳು ಕೆಳಗೇ ಬೂಟು ಬಿಟ್ಟು, ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಯ ಖೋಲಿ ಸೇರಿದಳು. ಅಲ್ಲಿಂದಲೇ ನನಗೆ ನಿಯಮ ಹೇಳಿದಳು.

"ಅಕ್ಕಾ, ತಾಟು ನಾಕನೇ ಮೆಟ್ಲ ಮ್ಯಾಲಿಟ್ಟು ಕೆಳಗ ಹೋಗು. ನೀನೂ ಹೊರಗ ಹೋಗಬ್ಯಾಡ. ಹಾಲಿನವನಿಗೆ ದೂರಿಂದನ ಹೇಳು. ತಿಳೀತಿಲ್ಲೊ?"

"ತಿಳೀತ್ ಬಿಡ. ನಾ ಏನ್ ಸಣ್ಣಾಕೆನು?"

"ಸಣ್ಣಾಕಿ ಇದ್ದಿದ್ರ ಒಂದ್ಸಲ ಹೇಳ್ತಿದ್ದೆ."

ಮೂರು ದಿನ ಆ ಬೂಟು ಮೆಟ್ಟಿಲ ಬುಡದಲ್ಲಿ ಹಾಗೇ ಇದ್ದವು. ಬಿಳೀ ಬೂಟು, ನೀಲಿ ಪಟ್ಟಿ. ಜಗತ್ತಿನಲ್ಲಿ ಎರಡು ಥರದ ಹೆಣ್ಣುಮಕ್ಕಳಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು: ಎಲ್ಲಿಗೋ ಮುಟ್ಟಲು ನಡೆಯುವವರು, ಎಲ್ಲಿಗೂ ಮುಟ್ಟದೆ ಸುಮ್ಮನೆ ನಡೆಯುವವರು. ನಾನು ಮೊದಲ ಥರದವಳು. ಗಿರಣಿಗೆ, ಸಂತೆಗೆ, ಖಾನಾವಳಿಗೆ ನಡೆದವಳು, ಅದೂ ತಲೆಯ ಮೇಲೆ ಬುಟ್ಟಿ ಹೊತ್ತು. ಕೈ ಬೀಸಿಕೊಂಡು ನಡೆದವಳಲ್ಲ. ನಾಲ್ಕನೆಯ ನಸುಕಿಗೆ ಬೂಟಿನೊಳಗೆ ಕಾಲಿಟ್ಟೆ. ಅಳತೆ ಒಂದೇ ಆಗಿತ್ತು.

ಸೀರೆಯ ನೆರಿಗೆ ಬೂಟಿಗೆ ತೊಡರತೊಡಗಿತು. ಒಳಗೆ ಹೋಗಿ ಸುಜಾತಾಳ ಹಳೆಯ ಪಂಜಾಬಿ ಡ್ರೆಸ್ ಹಾಕಿಕೊಂಡೆ. ನಲವತ್ತೈದರ ಹೆಂಗಸು ಮೊದಲ ಸಲ ಚೂಡಿದಾರ ಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿ, ಕನ್ನಡಿಯ ಮುಂದೆ ನಿಂತು ನಕ್ಕದ್ದನ್ನು ಯಾರೂ ನೋಡಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಬಿದ್ದೆ.

ಆ ಬೆಳಗುಗಳನ್ನು ಹೇಗೆ ಹೇಳಲಿ? ರಸ್ತೆ ಪೂರ್ತಿ ನನ್ನದು. ಆಟೋ ಇಲ್ಲ, ಟಂಟಂ ಇಲ್ಲ. ಬರಿದಾದ ಸಂತೆ ಬಯಲಿನಲ್ಲಿ ಒಂದು ಆಕಳು ಮಲಗಿ ಮೆಲುಕು ಹಾಕುತ್ತಿತ್ತು. ಆಚೆ ಕಪ್ಪು ಮಣ್ಣಿನ ಎರಿ ಹೊಲದ ಮೇಲಿನಿಂದ ತಂಪು ಗಾಳಿ ಬರುತ್ತಿತ್ತು. ಇಷ್ಟು ವರ್ಷ ಆ ಹೊತ್ತಿಗೆ ನನ್ನ ಮುಖಕ್ಕೆ ಬಡಿದದ್ದು ಒಲೆಯ ಝಳ ಮಾತ್ರ. ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆಯಲು ಹೇಳಿದ್ದರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ; ಮನೆಗೆ ಬಂದು ಎರಡು ಚಮಚ ಸಕ್ಕರೆ ಹಾಕಿದ ಚಹಾ ಕುಡಿದೆ.

ಎರಡನೆಯ ದಿನವೋ ಮೂರನೆಯ ದಿನವೋ, ಎದುರಿನ ಮನೆಯ ಮಾಸ್ತರ ಕಾಕಾ ತಮ್ಮ ಮಾಳಿಗೆಯ ಮೇಲೆ ನಿಂತಿದ್ದರು. ಸಾಲಿ ಕಲಿಸಿ ನಿವೃತ್ತರಾದವರು, ಓಣಿಗೆಲ್ಲ ಹಿರಿಯರು. ಇನ್ನೂ ಬೆಳಕು ಹರಿದಿರಲಿಲ್ಲ.

"ಏನ್ ಸಿಸ್ಟರ್, ಡ್ಯೂಟಿ ಮುಗಿಸಿ ಬಂದ್ರೇನು?" ಎಂದರು.

ಓಣಿಯವರೆಲ್ಲ ಸುಜಾತಾಳನ್ನು ಹಾಗೇ ಕರೆಯುತ್ತಿದ್ದರು, ಬಹುವಚನ ಹಚ್ಚಿ. ನನ್ನನ್ನು ಕರೆಯುವುದು 'ರೊಟ್ಟೆಕ್ಕ' ಎಂದು. ಅವರು ತಪ್ಪು ತಿಳಿದರು ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಬಾಯಿ ತೆರೆಯಲಿಲ್ಲ. ಕೈ ಎತ್ತಿ ಆಡಿಸಿದೆ, ಸುಜಾತಾ ಆಡಿಸುವ ಹಾಗೆಯೇ, ಮೊಳಕೈ ಮಡಚಿ. ಒಳಗೊಳಗೆ ಖುಷಿಯಾಯಿತು. ನನ್ನ ತಪ್ಪಿನ ಬೇರು ಅಲ್ಲಿದೆ. ನಡೆದದ್ದನ್ನು ಹೇಗೋ ಕ್ಷಮಿಸಬಹುದಿತ್ತು. ಆ ಕೈ ಎತ್ತಿದ್ದನ್ನು ನಾನೇ ಕ್ಷಮಿಸಿಕೊಂಡಿಲ್ಲ.

ಮರುದಿನ ಸರಕಾರದವರು ಬಂದು ನಮ್ಮ ಬಾಗಿಲಿಗೆ ಚೀಟಿ ಹಚ್ಚಿದರು: ಈ ಮನೆಯವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಚೀಟಿಯನ್ನು ಅಕ್ಷರ ಕೂಡಿಸಿ ಪೂರ್ತಿ ಓದಿದೆ. ಓದಿಯೂ ಮತ್ತೆ ಹೋದೆ. ಒಟ್ಟು ಏಳು ಬೆಳಗು.

ಏಳನೆಯ ದಿನ ಹತ್ತು ಗಂಟೆಗೆ ಆಶಾ ಕಾರ್ಯಕರ್ತೆ, ಅವಳ ಹಿಂದೆ ಆರೋಗ್ಯ ಇಲಾಖೆಯ ಒಬ್ಬ ಸಾಹೇಬರು ಬಂದು ಕಟ್ಟೆಯ ಕೆಳಗೆ ನಿಂತರು. ಎದುರಿನ ಮಾಳಿಗೆಯ ಮೇಲೆ ಮಾಸ್ತರ ಕಾಕಾ.

"ನಿಮ್ಮ ತಂಗಿ ನಸಿಕ್ಲೆ ಅಡ್ಡಾಡಾಕ ಹೊಂಟಾರಂತ ದೂರು ಬಂದೈತ್ರಿ," ಎಂದರು ಸಾಹೇಬರು.

ಮಾಳಿಗೆಯಿಂದ ಸುಜಾತಾ ಬಗ್ಗಿ ಕೂಗಿದಳು: "ಏನಂತೀರಿ? ನಾ ಈ ಮೆಟ್ಲ ಸುದ್ದಾ ಇಳದಿಲ್ರಿ!"

"ಸಿಸ್ಟರ್, ನಾ ಕಣ್ಣಾರೆ ನೋಡೇನಿ," ಎಂದರು ಕಾಕಾ. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ನಿಮಗ ಚಪ್ಪಾಳಿ ತಟ್ಟಿದವ್ರು ನಾವು. ನೀವ ಹಿಂಗ ಮಾಡಿದ್ರ ಹ್ಯಾಂಗವಾ?"

ಸಾಹೇಬರು ನನ್ನ ಕಡೆ ತಿರುಗಿದರು. ಹೋದವಳು ನಾನು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಚೀಟಿ ಹಚ್ಚಿದ ಮನೆಯಿಂದ ಕದ್ದು ತಿರುಗಿದ ಹೆಂಗಸಿನ ಕೈಯ ರೊಟ್ಟಿಯನ್ನು ನಾಳೆ ಯಾರು ತಿನ್ನುತ್ತಾರೆ ಎಂಬ ಹೆದರಿಕೆ ಹೊಕ್ಕಿತು. ಅದಕ್ಕಿಂತ ಹೆಚ್ಚು, ಚೂಡಿದಾರ ಹಾಕಿದ್ದು ಗೊತ್ತಾದರೆ ಓಣಿ ನಗುತ್ತದೆ ಎಂಬ ನಾಚಿಕೆ.

"ಆಕಿ ಇನ್ನ ಹೋಗೂದಿಲ್ರಿ," ಎಂದೆ. "ನಾ ಬುದ್ಧಿ ಹೇಳ್ತೇನಿ."

ತಂಗಿಯ ಪರವಾಗಿ ಕೈಮುಗಿದ ಹಿರಿಯಕ್ಕನ ಹಾಗೆಯೇ ಹೇಳಿದೆ. ಆಶಾ ಕಾರ್ಯಕರ್ತೆಗೆ ನನ್ನ ಮೇಲೆ ಕನಿಕರ ಬಂದದ್ದು ಕಣ್ಣಲ್ಲಿ ಕಂಡಿತು. ಮೇಲೆ ಸುಜಾತಾ ನನ್ನನ್ನೂ ಮೆಟ್ಟಿಲ ಬುಡದ ಬೂಟನ್ನೂ ನೋಡಿ ಒಳಗೆ ಹೋದಳು.

ಮನೆಯಲ್ಲಿ ಇರಲಾರದವರನ್ನು ಹಾಸ್ಟೆಲ್ಲಿನಲ್ಲಿ ಇಡುತ್ತೇವೆ ಎಂದು ಗಾಡಿ ತರಿಸಿದರು. ಓಣಿಯ ಹದಿನೈದು ಮನೆಯವರೂ ಮಾಳಿಗೆ ಹತ್ತಿ ನಿಂತಿದ್ದರು. ಅವಳು ಚೀಲ ಹಿಡಿದು ಇಳಿದು, ಬೂಟು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು, ಯಾರನ್ನೂ ನೋಡದೆ ಗಾಡಿ ಹತ್ತಿದಳು.

ಉಳಿದ ದಿನ ಅಲ್ಲೇ ಕಳೆದು ಬಂದಳು. ಅವಳಿಗೂ ನನಗೂ ಕೊರೋನಾ ಬಂದಿರಲಿಲ್ಲ. ಬಂದವಳು ಜಳಕ ಮಾಡಿ, ಎರಡು ರೊಟ್ಟಿ ತಿಂದು ಮಲಗಿದಳು. ಒಂದು ವಾರದೊಳಗೆ ಆ ಬೂಟು ಮನೆಯಲ್ಲಿರಲಿಲ್ಲ. ಯಾರಿಗೆ ಕೊಟ್ಟಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಓಣಿ ಅವಳಿಗೆ ಹೊಸ ಹೆಸರಿಟ್ಟಿತು: ವಾಕಿಂಗ್ ಸಿಸ್ಟರ್. ದ್ವೇಷದಿಂದ ಅಲ್ಲ, ನಗೆಚಾಟಿಕೆಗೆ. ಆದರೆ ನಗೆಚಾಟಿಕೆಯ ಹೆಸರು ಬೈಗುಳಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ. ಜ್ವರ ಬಂದವರಿಗೆ ಮನೆಯಲ್ಲಿರಿ ಎಂದರೆ, "ನೀವು ಇದ್ರೇನ್ರಿ?" ಎನ್ನುವರು. ಅವಳು ನಗುವಳು. ನಾನು ಒಳಗೆ ರೊಟ್ಟಿ ಬಡಿಯುವೆ, ಸ್ವಲ್ಪ ಜೋರಾಗಿ.

ಹೋದ ರವಿವಾರ ಮಾಸ್ತರ ಕಾಕಾ ಬಿ.ಪಿ. ತೋರಿಸಲು ಬಂದಿದ್ದರು. ಅವರಿಗೆ ಈಗ ಎಂಬತ್ತು. ಬಿ.ಪಿ. ಏರಿತ್ತು. ನಾಲ್ಕು ದಿನ ಮನೆಯಲ್ಲೇ ಇರಬೇಕು, ಬಿಸಿಲಿಗೆ ಹೋಗಬಾರದು ಎಂದಳು ಸುಜಾತಾ.

"ಯಾರ್ ಹೇಳಾಕತ್ತಾರ ನೋಡ್ರೆಪಾ," ಕಾಕಾ ನಕ್ಕರು. "ಸರಕಾರ ಚೀಟಿ ಹಚ್ಚಿದ್ರೂ ಮನ್ಯಾಗ ಕುಂಡ್ರಲಾರ್ದಾಕಿ!"

ಎಷ್ಟೋ ವರ್ಷ ಕೇಳಿದ ಮಾತು. ಆದರೆ ಈ ಸಲ ಆ ಮುದುಕ ಅವಳ ಮಾತು ಕೇಳದೆ ಬಿಸಿಲಿಗೆ ಬಿದ್ದರೆ ಅದೂ ನನ್ನ ಲೆಕ್ಕಕ್ಕೇ ಎಂದು ತಟ್ಟಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಆಕಿ ಅಲ್ರಿ ಕಾಕಾ. ಅಡ್ಡಾಡಿದಾಕಿ ನಾನು. ಆಕಿ ಬೂಟು, ಆಕಿ ಡ್ರೆಸ್ಸು. ನಿಮಗ ಕೈ ಮಾಡಿದಾಕೀನೂ ನಾನ."

ಕಾಕಾ ನನ್ನನ್ನು ನೋಡಿದರು. ಅವರ ಕಣ್ಣು ತುಂಬಿತು.

"ನೋಡವಾ ಸುಜಾತಾ, ಅಕ್ಕ ಅಂದ್ರ ಹಿಂಗಿರಬೇಕು. ಇಷ್ಟ ವರ್ಷದ ಮ್ಯಾಲೂ ನಿನ್ನ ತಪ್ಪು ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾಳ. ರೊಟ್ಟೆಕ್ಕಾ, ನೀ ಎಂದರ ವಾಕಿಂಗ್ ಹೋದಾಕೆನು?"

ನಿಜ ಹೇಳಿದಾಗ ಹೊಗಳಿಸಿಕೊಂಡವಳ ಗತಿ ನಿಮಗೆ ಬರದಿರಲಿ. ಸುಜಾತಾ ಕಾಕಾನ ತೋಳಿನ ಪಟ್ಟಿ ಬಿಚ್ಚುತ್ತಿದ್ದಳು.

"ಆಕಿ ಹೇಳೂದು ಖರೇ ಐತ್ರಿ ಕಾಕಾ," ಎಂದಳು. "ನನಗ ಅವತ್ತ ಗೊತ್ತಾಗಿತ್ತು."

ಕಾಕಾ ಎದ್ದು, ಅವಳಿಗೆ ಕೈಮುಗಿದು, ನನ್ನ ಕಡೆ ನೋಡದೆ ಹೋದರು.

"ಯಾಕ ಹೇಳ್ಲಿಲ್ಲ ನೀನು?" ಎಂದೆ.

"ನಾ ಯಾಕ ಹೇಳ್ಲಿ? ಹೇಳಾಕಿ ನೀನು. ಇಷ್ಟ ದಿನ ಹಾದಿ ನೋಡೇನಿ," ಎಂದಳು. ಉಪಕರಣ ಡಬ್ಬಿಗಿಟ್ಟಳು. "ಕಾಕಾಗ ಒಬ್ರಿಗೆ ಹೇಳಿದ್ರ ಮುಗೀಲಿಲ್ಲ ಅಕ್ಕಾ. ನಾ ಗಾಡಿ ಹತ್ತೂದು ಹದಿನೈದೂ ಮನ್ಯಾವ್ರು ನೋಡ್ಯಾರ."

ಅದಕ್ಕೇ ಈ ವಾರ ಒಂದೊಂದು ಮನೆಯ ಬಾಗಿಲಿಗೆ ಹೋಗುತ್ತಿದ್ದೇನೆ. ಒಂದು ಮನೆಯಲ್ಲಿ ನಕ್ಕರು. ಇನ್ನೊಂದರಲ್ಲಿ ಮನೆಯ ಯಜಮಾನಿ ಮುಖ ತಿರುಗಿಸಿ, ನಾಳೆಯಿಂದ ರೊಟ್ಟಿ ಬೇಡ ಎಂದರು. ಹೆದರಿದ್ದು ಕಡೆಗೂ ಆಯಿತು. ಆದ ಮೇಲೆ ನೋಡಿದರೆ, ಅದನ್ನು ಹೊತ್ತು ನಡೆಯಬಹುದು.

ಇವತ್ತು ಕೊನೆಯ ಮನೆ. ಅಲ್ಲಿನ ಸೊಸೆ ಮದುವೆಯಾಗಿ ಬಂದು ವರ್ಷವೂ ಆಗಿಲ್ಲ.

"ಅದೆಲ್ಲಾ ನನಗ್ಯಾಕ ಹೇಳ್ತೀರಿ? ಆವಾಗ ನಾ ಈ ಓಣ್ಯಾಗ ಇರಲೇ ಇಲ್ರಿ," ಎಂದಳು.

"ಖರೇ ಅವಾ. ಆದ್ರ ನನ್ನ ತಂಗೀನ್ನ ನೀ ಏನಂತ ಕರೀತಿ?"

ಅವಳು "ವಾಕಿಂಗ್..." ಎಂದು ಅಲ್ಲಿಗೇ ತಡೆದು, ತಲೆ ತಗ್ಗಿಸಿದಳು. ಆಮೇಲೆ ಒಂದು ಕುರ್ಚಿ ಎಳೆದು ನನ್ನ ಮುಂದಿಟ್ಟಳು. ನಾನು ಕೂತು ಮೊದಲಿನಿಂದ ಹೇಳಿದೆ.